ಕೋಚ್ ಸಿರಿಲ್ ಬಗ್ಗೆ ಒಂದು ಮಾತು

ಒಮಾನಿನ ನಿಜ್ವಾ ಊರಿನ ಕನ್ನಡಿಗರಲ್ಲಿ ಶ್ಯಾಮಸುಂದರನಿಗೆ ಒಂದು ಹೆಸರಿತ್ತು. ಯಾರ ಬಗ್ಗೆಯೂ ಕೆಟ್ಟದ್ದು ಆಡದ ಮನುಷ್ಯ ಅಂತ. ಮೈಸೂರಿನ ಸರಸ್ವತಿಪುರಂ ಕಡೆಯವನು, ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರು, ರಜೆಯ ದಿನವೂ ಇಸ್ತ್ರಿ ಮಾಡಿದ ಷರ್ಟನ್ನೇ ತೊಡುವವನು. ಅವನ ಬಾಯಲ್ಲಿ ಬೈಗುಳ ಹಾಗಿರಲಿ, ಒಂದು ಬಿರುಸು ಮಾತು ಬಂದದ್ದನ್ನೂ ಯಾರೂ ಕೇಳಿರಲಿಲ್ಲ. ಯಾರ ಬಗ್ಗೆಯಾದರೂ ಒಳ್ಳೆಯದು ಹೇಳುವ ಹಾಗಿಲ್ಲದಿದ್ದರೆ ಸಣ್ಣಗೆ ನಕ್ಕು, "ನಾನೇನೂ ಹೇಳಲ್ಲಪ್ಪ" ಅನ್ನುತ್ತಿದ್ದ. ಅಷ್ಟೇ. ಒಮ್ಮೆ ಹೊಸದಾಗಿ ಬಂದ ಸಂಸಾರವೊಂದು ಏಸಿ ಮೆಕ್ಯಾನಿಕ್ ಒಬ್ಬನ ಬಗ್ಗೆ ವಿಚಾರಿಸಿದಾಗ ಹಾಗೆ ಅಂದಿದ್ದ. ಆಮೇಲೆ ನಿಜ್ವಾದ ಒಂದು ಕನ್ನಡ ಮನೆಯೂ ಆ ಮೆಕ್ಯಾನಿಕ್‌ನನ್ನು ಹೊಸಿಲು ದಾಟಿಸಲಿಲ್ಲ. ತಾನು ಮಾಡಿದ ತಪ್ಪೇನೆಂದು ಆ ಬಡಪಾಯಿಗೆ ಇವತ್ತಿಗೂ ಗೊತ್ತಿರಲಾರದು. ಇಂಥದ್ದಕ್ಕೆ ಸಭ್ಯತೆ ಎಂದು ಹೆಸರಿಟ್ಟುಕೊಂಡು ನಾವೆಲ್ಲ ಆರಾಮಾಗಿದ್ದೇವೆ.

ಈ ಶ್ಯಾಮಸುಂದರ, ತನ್ನ ಮಗಳು ಓದುತ್ತಿದ್ದ ಸ್ಕೂಲಿನ ಪೇರೆಂಟ್ಸ್ ಕಮಿಟಿಯಲ್ಲಿ ಆಟೋಟದ ಕನ್ವೀನರ್ ಆಗಿದ್ದ. ಖರ್ಜೂರದ ತೋಟಗಳ ಮಗ್ಗುಲಿನ ಪುಟ್ಟ ಸ್ಕೂಲು ಅದು. ಒಮಾನಿನ ಇಂಡಿಯನ್ ಸ್ಕೂಲುಗಳ ಕಣ್ಣಲ್ಲಿ ಮಸ್ಕತ್ ಎಂದರೆ ಮಸ್ಕತ್, ಉಳಿದದ್ದೆಲ್ಲ 'ಇಂಟೀರಿಯರ್'. ಇಂಟೀರಿಯರ್‌ನವರು ಟೂರ್ನಮೆಂಟಿಗೆ ಹೋಗುವುದು, ಮೊದಲನೇ ಪಂದ್ಯದಲ್ಲೇ ಸೋಲುವುದು, ಮಸ್ಕತ್‌ನ ಅಮ್ಮಂದಿರು ಪಾಪ ಅಂತ ಕೊಟ್ಟ ಬಿಸ್ಕತ್ತು ತಿಂದು ಬಸ್ ಹತ್ತುವುದು, ಇದೇ ಪದ್ಧತಿ. ಸಿರಿಲ್ ಬಂದ ಮೇಲೆ ಈ ಪದ್ಧತಿ ಮುರಿಯಿತು.

ಸಿರಿಲ್ ಕಿನ್ನಿಗೋಳಿಯವನು, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರ ಹುಡುಗ, ಪಿ.ಟಿ. ಮಾಸ್ತರು. ಬಂದ ವರ್ಷವೇ ಸಿಮೆಂಟಿನ ಅಂಗಳಕ್ಕೆ ತಾನೇ ಮಂಡಿಯೂರಿ ಬಿಳಿ ಪೇಂಟಿನ ಗೆರೆ ಎಳೆದ. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮು ಕಟ್ಟಿದ. ಬಹಳ ದಿನ ಅವರಿಗೆ ಚೆಂಡನ್ನೇ ಮುಟ್ಟಿಸದೆ ಬರೀ ಕಾಲಿನ ಕೆಲಸ ಕಲಿಸಿದ. ಚೆಂಡು ಕೈಗೆ ಕೊಟ್ಟ ಮೇಲೆ ಒಬ್ಬೊಬ್ಬಳ ಮೊಣಕೈಯನ್ನೂ ಹಿಡಿದು ಸರಿಪಡಿಸಿ, "ಕಣ್ಣಲ್ಲ ಮಕ್ಕಳೇ, ಮೊಣಕೈ ರಿಂಗನ್ನು ನೋಡ್ಬೇಕು" ಅನ್ನುತ್ತಿದ್ದ. ಮೂರನೇ ವರ್ಷಕ್ಕೆ ಆ ಹುಡುಗಿಯರು ಸೆಮಿಫೈನಲ್ ಆಡಿದರು. ಆಗ ಮಸ್ಕತ್‌ನ ಅಮ್ಮಂದಿರು ಬಿಸ್ಕತ್ತು ಕೊಡುವುದನ್ನು ನಿಲ್ಲಿಸಿದರು. ಟೀಮಿನ ಕ್ಯಾಪ್ಟನ್ ಶ್ಯಾಮಸುಂದರನ ಮಗಳು ಮಾನ್ಯಾ. ಈ ಜನವರಿಯ ಟೂರ್ನಮೆಂಟಿನ ಕಪ್ಪು ನಮ್ಮದೇ ಎಂದು ಶ್ಯಾಮಸುಂದರ ಆಸ್ಪತ್ರೆಯಲ್ಲಿ ಮಲಯಾಳಿ ನರ್ಸುಗಳಿಂದ ಹಿಡಿದು ಈಜಿಪ್ಟಿನ ಡಾಕ್ಟರರವರೆಗೆ ಎಲ್ಲರಿಗೂ ಸಾರಿಬಿಟ್ಟಿದ್ದ.

ಎರಡು ಸಾವಿರದ ಐದರ ಈದ್ ರಜೆ ಮುಗಿದ ವಾರ ಸಿರಿಲ್ ಶ್ಯಾಮಸುಂದರನ ಮನೆಗೆ ಬಂದ. ಮನೆಯಾಕೆ ರತ್ನಪ್ರಭಾ ಕಾಫಿ ತಂದಿಟ್ಟು ಒಳಗೆ ಹೋದಳು. ಸಿರಿಲ್ ಲೋಟ ಮುಟ್ಟದೆ ಅಂಗೈ ಉಜ್ಜಿಕೊಳ್ಳುತ್ತ ಕೂತ.

"ಸರ್, ಒಂದು ವಿಷಯ ಉಂಟು. ಮಸ್ಕತ್‌ನ ದೊಡ್ಡ ಸ್ಕೂಲಿನವರು ಕರೀತಿದ್ದಾರೆ. ಬಾದುಶಾ ಅಂತ ಅವರ ಕಮಿಟಿಯಲ್ಲಿದ್ದಾರಲ್ಲ, ಅವರೇ ಫೋನ್ ಮಾಡಿದ್ದು. ನನಗೆ ಇಲ್ಲಿಂದ ರಿಲೀಸ್ ಕೊಡಿಸುವ ವಿಷಯ ಅವರೇ ನನ್ನ ವೀಸಾ ಹಿಡಿದಿರುವ ಕಫೀಲ್ ಹತ್ರ ಮಾತಾಡ್ತಾರಂತೆ."

"ಓಹೋ. ಒಳ್ಳೇದಾಯ್ತಲ್ಲ" ಎಂದ ಶ್ಯಾಮಸುಂದರ.

"ವಿಕ್ಟೋರಿಯಾ ಅಲ್ಲಿ, ನಾನು ಇಲ್ಲಿ. ನಿಮಗೆ ಗೊತ್ತುಂಟಲ್ಲ ಸರ್." ಸಿರಿಲ್‌ನ ಹೆಂಡತಿ ಮಸ್ಕತ್‌ನ ಒಂದು ಆಸ್ಪತ್ರೆಯಲ್ಲಿ ನರ್ಸು. ಮಗು ಅವಳ ಜೊತೆಗಿತ್ತು. ಗುರುವಾರ, ಶುಕ್ರವಾರ ವಾರದ ರಜೆಯಾದ್ದರಿಂದ ಬುಧವಾರ ಸ್ಕೂಲು ಬಿಟ್ಟ ಕೂಡಲೇ ಸಿರಿಲ್ ಹೊರಡುತ್ತಿದ್ದ, ಶುಕ್ರವಾರ ಸಂಜೆ ಹಿಂತಿರುಗುತ್ತಿದ್ದ. "ಬುಧವಾರ ಹೋದ್ರೆ ಮಗು ನನ್ನನ್ನು ನೋಡಿ ಅಳ್ತದೆ. ಶುಕ್ರವಾರ ಸ್ವಲ್ಪ ಹತ್ತಿರ ಬರ್ತದೆ, ಅಷ್ಟೊತ್ತಿಗೆ ನಾನು ಹೊರಡ್ಬೇಕು. ಅವರು ನಿಮ್ಮ ಹತ್ರ ಕೇಳ್ತಾರೆ ಸರ್, ಕನ್ವೀನರ್ ಅಂತ. ಒಂದು ಒಳ್ಳೆ ಮಾತು ಹೇಳ್ಬೇಕು."

"ಅದನ್ನ ಹೇಳ್ಬೇಕಾ ಸಿರಿಲ್? ಖಂಡಿತ ಹೇಳ್ತೀನಿ. ಕಾಫಿ ಕುಡೀರಿ, ಆರತ್ತೆ."

ಸಿರಿಲ್ ಹೋದ ಮೇಲೆ ಶ್ಯಾಮಸುಂದರ ಅದೇ ಸೋಫಾದಲ್ಲಿ ಬಹಳ ಹೊತ್ತು ಕೂತ. ಅವನಿಗೆ ಬಂದದ್ದು ಕೋಪ, ಅದೂ ನ್ಯಾಯವಾದ ಕೋಪ ಎಂದೇ ಅವನಿಗೆ ಅನ್ನಿಸಿತು. ನಾವು ಬೆಳೆಸುವುದು, ಅವರು ಕಿತ್ತುಕೊಂಡು ಹೋಗುವುದು. ಹಿಂದೆ ಕ್ರಿಕೆಟ್ ಕಲಿಸುತ್ತಿದ್ದವನನ್ನು ಹಾಗೆಯೇ ಎಳೆದುಕೊಂಡರು, ಸಂಗೀತದ ಟೀಚರನ್ನೂ ಬಿಡಲಿಲ್ಲ. ಚಿಕ್ಕ ಸ್ಕೂಲಿಗೆ ಒಳ್ಳೆಯವರು ದಕ್ಕುವುದೇ ಇಲ್ಲವೇ? ಸಂಬಳ ಏರಿಸೋಣವೆಂದರೆ ಫೀಸು ಏರಿಸಬೇಕು, ಫೀಸು ಏರಿಸಿದರೆ ಕಮಿಟಿಯ ಮೇಲೆ ಪೇರೆಂಟ್ಸ್ ಮುಗಿಬೀಳುತ್ತಾರೆ. ಹೀಗೆಲ್ಲ ಸ್ಕೂಲಿನ ಹೆಸರಿನಲ್ಲಿ ಯೋಚಿಸಿದ. ಆದರೆ ಕಣ್ಣೆದುರಿಗೆ ಬರುತ್ತಿದ್ದದ್ದು ಸ್ಕೂಲಲ್ಲ, ಕಪ್ಪು ಎತ್ತಿ ಹಿಡಿದ ಮಾನ್ಯಾ. ಜನವರಿ ತನಕ ಇರಪ್ಪ ಎಂದು ಸಿರಿಲ್‌ನನ್ನೇ ಕೇಳಬಹುದಿತ್ತು. ಕೇಳಿ ಅವನು ಆಗುವುದಿಲ್ಲ ಎಂದುಬಿಟ್ಟರೆ? ಇನ್ನೊಬ್ಬರ ಮುಂದೆ ಕೈಯೊಡ್ಡಿ ಇಲ್ಲ ಅನ್ನಿಸಿಕೊಳ್ಳುವುದು ಶ್ಯಾಮಸುಂದರನ ಜಾಯಮಾನದಲ್ಲೇ ಇರಲಿಲ್ಲ.

ಅದಾದ ಮುಂದಿನ ವಾರ ಮಸ್ಕತ್‌ನ ದಾರ್ಸೈಟ್‌ನಲ್ಲಿ ಕನ್ನಡ ರಾಜ್ಯೋತ್ಸವ. ಒಮಾನಿನ ಮೂಲೆಮೂಲೆಯಿಂದ ಕನ್ನಡಿಗರು ಕಾರು ಹತ್ತಿಕೊಂಡು ಬಂದಿದ್ದರು. ಹಾಲ್ ತುಂಬ ರೇಷ್ಮೆ ಸೀರೆ, ಮಲ್ಲಿಗೆಯ ವಾಸನೆ, ಓಡಾಡುವ ಮಕ್ಕಳು. ಊಟದ ಖರ್ಚಿನ ಒಂದು ಪಾಲನ್ನು ಪ್ರತಿ ವರ್ಷದಂತೆ ಬಾದುಶಾ ವಹಿಸಿಕೊಂಡಿದ್ದ. ಉಳ್ಳಾಲದ ಬ್ಯಾರಿ, ಮಸ್ಕತ್‌ನ ರೂವಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಆಡುವವನು. ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಿದ್ದ ಶ್ಯಾಮಸುಂದರನನ್ನು ಪಕ್ಕಕ್ಕೆ ಕರೆದ.

"ಶ್ಯಾಮಣ್ಣ, ನಿಮ್ಮ ಕೋಚ್ ಸಿರಿಲ್ ಹೇಗೆ ಜನ? ಆಟದ್ದು ನಾನು ಕೇಳುದಲ್ಲ, ಅದು ನಾವೇ ನೋಡಿದ್ದೇವೆ, ನಮ್ಮನ್ನೇ ಸೋಲಿಸಿದ್ದಾನೆ. ಜನ ಹೇಗೆ? ನಿಮ್ಮ ಒಂದು ಮಾತು ಸಾಕು ನಂಗೆ. ನಾಡಿದ್ದು ಕಮಿಟಿಯಲ್ಲಿ ಹೇಳ್ಲಿಕ್ಕೆ ಉಂಟು."

ಶ್ಯಾಮಸುಂದರ ಬಾಯಲ್ಲಿದ್ದ ತುತ್ತು ನುಂಗಿದ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. 'ಅಪರಂಜಿಯಂಥ ಮನುಷ್ಯ' ಎಂದಿದ್ದರೆ ಮುಗಿಯುತ್ತಿತ್ತು. ವೇದಿಕೆಯ ಕಡೆ ನೋಡಿದ. ಅಲ್ಲಿ ಮಾನ್ಯಾ ಗೆಳತಿಯರ ಜೊತೆ ನಗುತ್ತ ನಿಂತಿದ್ದಳು. ಅವನು ಬಾದುಶಾನ ಕಡೆ ತಿರುಗಿ ಸಣ್ಣಗೆ ನಕ್ಕ.

"ನಾನೇನೂ ಹೇಳಲ್ಲಪ್ಪ, ಬಾದುಶಾ" ಎಂದು ಅವನ ಭುಜ ತಟ್ಟಿದ. "ನೀವೇ ನೋಡಿ, ಯೋಚನೆ ಮಾಡಿ."

ಬಾದುಶಾನ ಮುಖದ ನಗು ಇಳಿಯಿತು. ಒಂದು ಕ್ಷಣ ಶ್ಯಾಮಸುಂದರನನ್ನೇ ನೋಡಿ, "ಆಯ್ತು. ಗೊತ್ತಾಯ್ತು ನಂಗೆ. ಥ್ಯಾಂಕ್ಸ್ ಶ್ಯಾಮಣ್ಣ" ಎಂದು ಹೊರಟುಹೋದ.

ನಿಜ್ವಾಕ್ಕೆ ಹಿಂತಿರುಗುವಾಗ ಶ್ಯಾಮಸುಂದರ ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸುಳ್ಳು ಹೇಳಿದೆನೇ? ಇಲ್ಲ. ಕೆಟ್ಟದ್ದು ಆಡಿದೆನೇ? ಅದೂ ಇಲ್ಲ. ಫಂಜಾ ದಾಟುವಷ್ಟರಲ್ಲಿ ತಾನು ಏನೂ ಮಾಡಿಲ್ಲ ಎಂದು ತೀರ್ಮಾನಿಸಿದ, ಇಜ್ಕಿ ದಾಟುವಷ್ಟರಲ್ಲಿ ಸ್ಕೂಲನ್ನು ಉಳಿಸಿದೆ ಎಂದೂ ನಂಬಿದ. ಹಿಂದಿನ ಸೀಟಿನಲ್ಲಿ ರತ್ನಪ್ರಭಾ ನಿದ್ದೆ ಹೋಗಿದ್ದಳು. ಮುಂದಿನ ಸೀಟು ಯಾವಾಗಲೂ ಮಾನ್ಯಾಳದ್ದು, ಚಿಕ್ಕಂದಿನಿಂದ ಅವಳು ಅದನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅವಳು ಆ ಸೀಟಿನಲ್ಲಿ ಕೂತು ಫೈನಲ್‌ನಲ್ಲಿ ಯಾರನ್ನು ಎಲ್ಲಿ ಆಡಿಸಬೇಕೆಂದು ಸಿರಿಲ್ ಸರ್ ಹೇಳಿದ್ದನ್ನೆಲ್ಲ ಅಪ್ಪನಿಗೆ ವಿವರಿಸುತ್ತಿದ್ದಳು.

ಮಸ್ಕತ್‌ನ ಕೆಲಸ ಸಿರಿಲ್‌ಗೆ ಸಿಗಲಿಲ್ಲ. ಕಾರಣವನ್ನೂ ಯಾರೂ ಹೇಳಲಿಲ್ಲ. "ನನ್ನ ಸರ್ಟಿಫಿಕೇಟ್ ಸಾಕಾಗ್ಲಿಲ್ಲವೋ ಏನೋ ಸರ್" ಎಂದು ಅವನೇ ಬಂದು ಶ್ಯಾಮಸುಂದರನಿಗೆ ತಿಳಿಸಿದ. "ನೀವು ಹೇಳಿದ್ದಕ್ಕೆ ಥ್ಯಾಂಕ್ಸ್." ಶ್ಯಾಮಸುಂದರ ಅವನ ಕೈ ಕುಲುಕಿ, ದೇವರು ಇನ್ನೊಂದು ದಾರಿ ತೋರಿಸುತ್ತಾನೆ ಎಂದ. ಹಾಗೆ ಹೇಳುವಾಗ ಅವನಿಗೆ ನಿಜವಾಗಿಯೂ ಮರುಕ ಉಕ್ಕಿತು ಎಂಬುದನ್ನೂ ಇಲ್ಲಿ ಹೇಳಬೇಕು. ಮನುಷ್ಯನ ಮನಸ್ಸಿಗೆ ನಾಚಿಕೆ ಅನ್ನುವುದು ಅಷ್ಟು ಬೇಗ ಬರುವುದಿಲ್ಲ.

ಬಂದದ್ದು ಡಿಸೆಂಬರಿನಲ್ಲಿ. ಒಂದು ಸಂಜೆ ರತ್ನಪ್ರಭಾ ಫೋನಿಟ್ಟು ಅಡುಗೆಮನೆಯಿಂದ ಹೊರಗೆ ಬಂದಳು.

"ರೀ, ನಿಖಿತಾನ ಟೀಮಿಂದ ಬಿಡಿಸಿಬಿಟ್ರಂತೆ. ಅವರಮ್ಮ ಹೇಳಿದ್ರು. ಮಾನ್ಯಾನ ಕಳಿಸ್ಬೇಕಾದ್ರೂ ಯೋಚನೆ ಮಾಡಿ ಅಂದ್ರು."

ನಿಖಿತಾ ಎಂದರೆ ಟೀಮಿನ ಬಲಗೈ. ಎಲ್ಲಿಂದ ಎಸೆದರೂ ಅವಳ ಚೆಂಡು ರಿಂಗಿನೊಳಗೇ ಬೀಳುತ್ತಿತ್ತು. "ಯಾಕಂತೆ?"

"ಸಿರಿಲ್ ಮೇಷ್ಟ್ರು ಸರಿ ಇಲ್ವಂತೆ. ಹೆಣ್ಣುಮಕ್ಕಳ ವಿಷಯದಲ್ಲಿ." ರತ್ನಪ್ರಭಾ ಧ್ವನಿ ತಗ್ಗಿಸಿದಳು. "ಮಸ್ಕತ್‌ನ ಸ್ಕೂಲಿನವರು ಅದಕ್ಕೇ ಬೇಡ ಅಂದ್ರಂತೆ. ನಿಜ್ವಾದವರೇ ಬಾಯಿಬಿಟ್ಟು ಹೇಳೋಕಾಗ್ದೆ ಒದ್ದಾಡಿದ್ರಂತೆ. ಅಲ್ರೀ, ನೀವು ಕನ್ವೀನರ್ರು, ನಿಮಗೇನಾದ್ರೂ ಗೊತ್ತಿತ್ತಾ?"

ಶ್ಯಾಮಸುಂದರನಿಗೆ ದಾರ್ಸೈಟ್‌ನ ತನ್ನ ಮಾತು ನೆನಪಾಯಿತು. ತಾನು ಖಾಲಿ ಬಿಟ್ಟ ಜಾಗದಲ್ಲಿ ಜನ ತಮಗೆ ತೋಚಿದ್ದನ್ನು ತುಂಬಿದ್ದರು. ಹುಡುಗಿಯರಿಗೆ ಆಟ ಕಲಿಸುವ ಗಂಡಸಿನ ಬಗ್ಗೆ ತೋಚುವುದಾದರೂ ಏನು? ಅದೊಂದೇ. ಏಸಿ ಮೆಕ್ಯಾನಿಕ್‌ನ ಬಗ್ಗೆ ಹಾಗೆ ಅಂದರೆ ಕೆಲಸ ಬಾರದವನು ಎಂದುಕೊಳ್ಳುತ್ತಾರೆ. ಸಿರಿಲ್‌ನ ಬಗ್ಗೆ ಅಂದಾಗ ಏನೆಂದುಕೊಳ್ಳುತ್ತಾರೆ ಎನ್ನುವಷ್ಟು ಸಣ್ಣ ವಿಷಯ ತನ್ನಂಥ ಓದಿದವನಿಗೆ ಹೊಳೆಯಲಿಲ್ಲವೇ? ಹೊಳೆದಿರಲಿಲ್ಲ. ಅಥವಾ ಹೊಳೆಯಲು ಬಿಟ್ಟಿರಲಿಲ್ಲ.

"ನನಗೇನೂ ಗೊತ್ತಿಲ್ಲ" ಎಂದ ಹೆಂಡತಿಗೆ. ಇದು ಮಾತ್ರ ನೇರವಾದ ಸುಳ್ಳು.

ಮರುದಿನ ಆಸ್ಪತ್ರೆಯಿಂದ ಬೇಗ ಹೊರಟು ಸ್ಕೂಲಿಗೆ ಹೋದ. ಅಸರ್ ನಮಾಜು ಮುಗಿದು ಬಿಸಿಲು ಬಾಗಿತ್ತು. ಕೋರ್ಟಿನಲ್ಲಿ ಹುಡುಗಿಯರು ಕಡಿಮೆಯಾಗಿದ್ದರು. ಗೋಡೆಯ ಬದಿಗೆ ಕುರ್ಚಿ ಹಾಕಿಕೊಂಡು ಹಿಂದಿ ಟೀಚರೊಬ್ಬರು ಕಾವಲಿಗೆಂಬಂತೆ ಕೂತಿದ್ದರು. ಸಿರಿಲ್ ಗೆರೆಯ ಹೊರಗೆ, ದೂರದಲ್ಲಿ ನಿಂತಿದ್ದ. ಒಬ್ಬ ಪುಟ್ಟ ಹುಡುಗಿಯ ಮೊಣಕೈ ವಾಲುತ್ತಿತ್ತು. ಅವನು ಒಂದು ಹೆಜ್ಜೆ ಮುಂದಿಟ್ಟು, ತಟ್ಟನೆ ನಿಂತು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. "ಮಾನ್ಯಾ, ನೀನು ಹೋಗಿ ಅವಳ ಕೈ ಸರಿ ಮಾಡು" ಎಂದು ಅಲ್ಲಿಂದಲೇ ಕೂಗಿದ. ಶ್ಯಾಮಸುಂದರ ಕಾರಿನಿಂದ ಇಳಿಯದೆ ಅದನ್ನೆಲ್ಲ ನೋಡಿದ. ನೆಲ ಬಿರಿದು ತನ್ನನ್ನು ಕಾರಿನ ಸಮೇತ ನುಂಗಬಾರದೇ ಅನ್ನಿಸಿತು.

ಆ ಗುರುವಾರ ಅವನು ಒಬ್ಬನೇ ರೂವಿಗೆ ಹೋದ. ಬಾದುಶಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ ಹಾಲಿಲ್ಲದ ಸುಲೈಮಾನಿ ಚಹಾ ತರಿಸಿದ.

"ಬಾದುಶಾ, ಸಿರಿಲ್ ತುಂಬ ಒಳ್ಳೆಯ ಮನುಷ್ಯ. ಅವನ ಬಗ್ಗೆ ಏನೋ ಗಾಳಿಮಾತು ಎದ್ದಿದೆ. ಎಲ್ಲ ಸುಳ್ಳು."

ಬಾದುಶಾ ತಲೆಯಾಡಿಸಿದ. "ನೀವು ದೊಡ್ಡ ಮನಸ್ಸಿನವರು ಶ್ಯಾಮಣ್ಣ. ಅವನ ಸಂಸಾರ ಹಾಳಾಗುದು ಬೇಡ ಅಂತ ಬಂದಿದ್ದೀರಿ. ನನಗೆ ಅರ್ಥ ಆಗ್ತದೆ."

"ಅಲ್ಲ, ಅಲ್ಲ. ನಿಜವಾಗಿಯೂ ಅವನು ಒಳ್ಳೆಯವನು."

"ಅವತ್ತು ನಿಮ್ಮ ಬಾಯಲ್ಲಿ ಆ ಮಾತು ಬರ್ಲಿಲ್ಲಲ್ಲ. ನಿಮ್ಮಂಥವರಿಗೇ ಹೇಳ್ಲಿಕ್ಕೆ ಆಗ್ಲಿಲ್ಲ ಅಂದ್ರೆ ವಿಷಯ ಎಷ್ಟು ದೊಡ್ಡದಿರ್ಬೇಕು ಅಂತ ನಾನು ತಿಳ್ಕೊಂಡೆ. ಕಮಿಟಿಯಲ್ಲಿ ನಾನು ಬೇರೆ ಎಂತದೂ ಹೇಳ್ಲಿಲ್ಲ. ನಿಜ್ವಾದವರು ಹಿಂಜರೀತಾರೆ, ನಮ್ಗೆ ಬೇಡ ಅಂದೆ, ಅಷ್ಟೇ. ಉಳಿದದ್ದನ್ನು ಅವರವರೇ ಊಹೆ ಮಾಡಿದ್ರು."

ಶ್ಯಾಮಸುಂದರ ಲೋಟವನ್ನು ಕೆಳಗಿಟ್ಟ. ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದ ಒಳ್ಳೆಯ ಹೆಸರು ಈಗ ತನ್ನ ಬಾಯಿಗೇ ಅಡ್ಡ ನಿಂತಿತ್ತು. ತಾನು ಒಳ್ಳೆಯವನೆಂದು ಜನ ನಂಬಿರುವ ತನಕ ಸಿರಿಲ್ ಒಳ್ಳೆಯವನೆಂದು ನಂಬುವುದಿಲ್ಲ.

"ಬಾದುಶಾ, ಅವನು ಹೋದ್ರೆ ನಮ್ಮ ಟೀಮು ಸೋಲತ್ತೆ ಅಂತ ಹಾಗಂದೆ. ನನ್ನ ಮಗಳು ಕಪ್ ಗೆಲ್ಲಲಿ ಅಂತ. ಅವನಲ್ಲಿ ಒಂದು ಕೊಂಕೂ ಇಲ್ಲ. ಅವನನ್ನ ಇಟ್ಕೊಳ್ಳೋಕೆ ಹಾಗಂದೆ."

ಬಾದುಶಾ ತನ್ನ ಚಹಾದ ಲೋಟ ಪಕ್ಕಕ್ಕೆ ಸರಿಸಿದ. ಹೊರಗೆ ಅಂಗಡಿಯಲ್ಲಿ ಯಾರೋ ಹಿಂದಿಯಲ್ಲಿ ಚೌಕಾಸಿ ಮಾಡುತ್ತಿದ್ದರು.

"ನಂಗೂ ಹೆಣ್ಣುಮಕ್ಕಳಿದ್ದಾರೆ" ಎಂದ ಕೊನೆಗೆ. "ನಾಲ್ಕು ಜನರ ಎದುರು ನೀವು ಅವನಿಗೆ ಬೈದಿದ್ರೂ ಇಷ್ಟು ಆಗ್ತಿರ್ಲಿಲ್ಲ ಮಾರಾಯ್ರೆ. ಬೈದ್ರೆ ಅವನು ಜವಾಬು ಕೊಡ್ಬಹುದಿತ್ತು. ನಮ್ಮಲ್ಲಿ ಆ ಕೆಲಸ ಖಲಾಸ್, ಬೇರೆಯವರನ್ನು ತಗೊಂಡಾಯ್ತು. ನಾನು ನಮ್ಮ ಕಮಿಟಿಯಲ್ಲಿ ಹೇಳ್ತೇನೆ, ಆದ್ರೆ ನನ್ನ ಮಾತು ಯಾರು ಕೇಳ್ತಾರೆ? ಇದನ್ನು ಹೇಳ್ಬೇಕಾದ್ದು ನೀವು. ಮೊದ್ಲು ಅವನ ಹತ್ರ ಹೋಗಿ ಹೇಳಿ."

ಶ್ಯಾಮಸುಂದರ ಎದ್ದ. ಪ್ರತಿ ಸಲ ಬಾಗಿಲವರೆಗೆ ಬಂದು ಬೀಳ್ಕೊಡುತ್ತಿದ್ದ ಬಾದುಶಾ ಈ ಸಲ ಕುರ್ಚಿ ಬಿಟ್ಟು ಏಳಲಿಲ್ಲ.

ಸಿರಿಲ್‌ಗೆ ಹೇಳುವುದಕ್ಕೆ ಶನಿವಾರ ಸಂಜೆಯಾಯಿತು. ಪ್ರ್ಯಾಕ್ಟೀಸು ಮುಗಿದು ಹುಡುಗಿಯರು ವ್ಯಾನು ಹತ್ತಿದ್ದರು. ಗೆಳತಿಯೊಬ್ಬಳ ಮನೆಯಲ್ಲಿ ಓದುವುದಿದೆಯೆಂದು ಮಾನ್ಯಾಳೂ ಹೋಗಿದ್ದಳು. ಸಿರಿಲ್ ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುತ್ತಿದ್ದ. ಶ್ಯಾಮಸುಂದರ ನಿಂತಲ್ಲೇ, ಪೀಠಿಕೆಯಿಲ್ಲದೆ, ಎಲ್ಲವನ್ನೂ ಹೇಳಿದ. ದಾರ್ಸೈಟ್‌ನ ಹಾಲು, ಬಾದುಶಾನ ಪ್ರಶ್ನೆ, ತನ್ನ ನಗು, ಭುಜ ತಟ್ಟಿದ್ದು, ಒಂದನ್ನೂ ಬಿಡಲಿಲ್ಲ.

ಸಿರಿಲ್ ಕೈಯಲ್ಲಿದ್ದ ಚೆಂಡನ್ನು ಚೀಲಕ್ಕೆ ಹಾಕಲಿಲ್ಲ, ಕೆಳಗೂ ಬಿಡಲಿಲ್ಲ.

"ನೀವಾ ಸರ್?"

ಶ್ಯಾಮಸುಂದರ ತಲೆ ತಗ್ಗಿಸಿದ.

"ವಿಕ್ಟೋರಿಯಾ ನನ್ನನ್ನು ಕೂರಿಸಿ ಕೇಳಿದಳು. ಅವಳ ಆಸ್ಪತ್ರೆಯಲ್ಲಿ ಯಾರೋ ಹೇಳಿದ್ರಂತೆ. 'ಎಂತ ಮಾಡಿದ್ದೀರಿ, ನಿಜ ಹೇಳಿ, ನಾನು ಬೈಯೂದಿಲ್ಲ' ಅಂತ ಕೇಳಿದಳು. ನನ್ನ ಹೆಂಡತಿ, ಸರ್." ಅವನು ಚೆಂಡನ್ನು ಇನ್ನೊಂದು ಕೈಗೆ ಬದಲಿಸಿದ. "ನಾನು ರಾತ್ರಿಯೆಲ್ಲ ಯೋಚನೆ ಮಾಡಿದೆ, ಯಾವ ಮಗುವಿನ ಹತ್ರ ನಾನು ಹೇಗೆ ನಡ್ಕೊಂಡೆ, ಯಾರಿಗೆ ಎಂತ ಅನ್ನಿಸಿರ್ಬಹುದು ಅಂತ. ತಪ್ಪು ನಂದೇ ಅಂದ್ಕೊಂಡಿದ್ದೆ."

"ಸಿರಿಲ್, ನಾನು..."

"ಇರು ಅಂತ ಒಂದು ಮಾತು ನನಗೆ ಹೇಳಿದ್ರೆ ಸಾಕಿತ್ತು. ಆ ಮಕ್ಕಳನ್ನು ಫೈನಲಿಗೆ ಮೊದ್ಲು ಬಿಟ್ಟು ಹೋಗುವವನಾ ನಾನು? ಏಪ್ರಿಲ್‌ನಿಂದ ಬರ್ತೇನೆ ಅಂತ ಅವರಿಗೆ ಆಗ್ಲೇ ಹೇಳಿದ್ದೆ."

ಏಪ್ರಿಲ್‌ನಿಂದ. ಅಂದು ಸೋಫಾದಲ್ಲಿ ಕೂತು ಕಾಫಿ ಆರುತ್ತದೆ ಎಂದು ಉಪಚಾರ ಮಾಡಿದ ಶ್ಯಾಮಸುಂದರ, ಯಾವಾಗ ಹೋಗುತ್ತೀ ಎಂದು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

"ನಾನು ಎಲ್ಲರಿಗೂ ಹೇಳ್ತೀನಿ. ಕಮಿಟಿಯಲ್ಲಿ, ಪೇರೆಂಟ್ಸ್ ಮುಂದೆ."

ಸಿರಿಲ್ ಕೊನೆಗೂ ಚೆಂಡನ್ನು ಚೀಲಕ್ಕೆ ಹಾಕಿದ. "ಈಗ ಬೇಡ" ಎಂದ. "ಮಾನ್ಯಾಗೆ ಗೊತ್ತಾದ್ರೆ ಅವಳು ಆಡ್ಲಿಕ್ಕಿಲ್ಲ. ಅಪ್ಪ ಹೇಳಿದ್ರು, ಅಪ್ಪ ಹೇಳಿದ್ರು ಅಂತಲೇ ಇರ್ತಾಳೆ ಆ ಹುಡುಗಿ. ಪಂದ್ಯ ಆಗ್ಲಿ. ಆಮೇಲೆ ನಿಮ್ಮಿಷ್ಟ."

ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ಶ್ಯಾಮಸುಂದರನಿಗೆ ಆದದ್ದು ಏನು ಗೊತ್ತೇ? ನೆಮ್ಮದಿ. ನಿಜವಾದ ನೆಮ್ಮದಿ. ತಾನು ಯಾರ ಮೇಲೆ ಕೆಸರು ಎರಚಿದೆನೋ ಅವನೇ ತನ್ನ ಮಾನ ಕಾಯುತ್ತಿದ್ದಾನೆ, ಅದನ್ನು ತಾನು ಸಂತೋಷದಿಂದ ಒಪ್ಪಿಕೊಳ್ಳುತ್ತಿದ್ದೇನೆ. ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಆದರೂ ಪಂದ್ಯ ಆಗಲಿ ಎಂದು ಸುಮ್ಮನಾದ. ಹೊಸ ವರ್ಷ ಬಂತು, ಸುಮ್ಮನೆಯೇ ಇದ್ದ. ಸಿರಿಲ್ ಎದುರಾದಾಗಲೆಲ್ಲ ಇವನ ಕಣ್ಣು ತಾನಾಗಿ ಚಪ್ಪಲಿಯ ಕಡೆ ಇಳಿಯುತ್ತಿತ್ತು.

ಟೂರ್ನಮೆಂಟಿಗೆ ಇನ್ನೇನು ಒಂದು ವಾರವಿದೆ ಅನ್ನುವಾಗ, ಒಂದು ಸಂಜೆ ಮನೆಯ ಫೋನು ಬಡಿದುಕೊಂಡಿತು. ಫೋನಿದ್ದದ್ದು ಹಜಾರದಲ್ಲಿ. ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಮಾನ್ಯಾ ಲೆಕ್ಕ ಮಾಡುತ್ತಿದ್ದಳು. ರತ್ನಪ್ರಭಾ ಒಳಗೆ ಚಪಾತಿ ಲಟ್ಟಿಸುತ್ತಿದ್ದಳು.

"ನಮಸ್ಕಾರ, ನಾನು ಮ್ಯಾಕ್ಸಿಮ್ ಅಂತ ಸರ್, ಮಸ್ಕತ್‌ನಿಂದ" ಎಂದಿತು ಆ ಕಡೆಯ ಧ್ವನಿ. ಬೇರೊಂದು ಸ್ಕೂಲಿನ ವೈಸ್ ಪ್ರಿನ್ಸಿಪಾಲ್. "ಏಪ್ರಿಲ್‌ಗೆ ನಮಗೆ ಒಬ್ಬ ಕೋಚ್ ಬೇಕು. ನಿಮ್ಮಲ್ಲಿಯ ಸಿರಿಲ್ ಅರ್ಜಿ ಹಾಕಿದ್ದಾರೆ. ಈಗ ಮೀಟಿಂಗ್‌ನಲ್ಲೇ ಕೂತಿದ್ದೇವೆ. ಅವರ ಬಗ್ಗೆ ಏನೋ ಒಂದು ಮಾತು ಕೇಳಿದ್ದೇವೆ. ನೀವು ಹೇಳ್ಬೇಕು."

ಶ್ಯಾಮಸುಂದರ ಮಗಳ ಕಡೆ ಬೆನ್ನು ಮಾಡಿ ನಿಂತ. "ಸಿರಿಲ್ ಅಂಥ ಮನುಷ್ಯ ಸಿಗೋದು ಕಷ್ಟ ಸರ್. ಚಿನ್ನ. ನಡತೆ, ಕೆಲಸ, ಮಕ್ಕಳ ಮೇಲಿನ ಪ್ರೀತಿ, ಯಾವುದರಲ್ಲೂ ಬೆರಳು ತೋರಿಸೋ ಹಾಗಿಲ್ಲ. ಕಣ್ಣು ಮುಚ್ಚಿಕೊಂಡು ತಗೊಳ್ಳಿ." ಒಂದೇ ಉಸಿರಿನಲ್ಲಿ ಇನ್ನೂ ಏನೇನೋ ಹೇಳಿದ.

ಆಮೇಲೆ ಮ್ಯಾಕ್ಸಿಮ್ ಮೆಲ್ಲಗೆ ಕೇಳಿದ. "ಬೇಜಾರು ಮಾಡ್ಬೇಡಿ ಸರ್. ಇಷ್ಟು ಹೊಗಳ್ತೀರಲ್ಲ, ಅವರನ್ನು ಅಲ್ಲಿಂದ ಕಳಿಸ್ಲಿಕ್ಕೆ ಅರ್ಜೆಂಟ್ ಉಂಟಾ? ನಾವೂ ಕೆಲವರನ್ನು ಹಾಗೆ ಸಾಗಹಾಕಿದ್ದುಂಟು, ಅದಕ್ಕೆ ಕೇಳಿದೆ."

ಶ್ಯಾಮಸುಂದರ ರಿಸೀವರನ್ನು ಬಿಗಿಯಾಗಿ ಹಿಡಿದ. ಸುಮ್ಮನಿದ್ದದ್ದಕ್ಕೆ ಸಿರಿಲ್ ಕೆಟ್ಟವನಾದ, ಹೊಗಳಿದರೂ ಅವನೇ ಕೆಟ್ಟವನಾಗುತ್ತಿದ್ದಾನೆ. ಉಳಿದದ್ದು ಒಂದೇ ಮಾತು. ಹಿಂದೆ ಮಾನ್ಯಾಳ ಪೆನ್ಸಿಲು ಕಾಗದದ ಮೇಲೆ ಓಡುವ ಸದ್ದು ಕೇಳುತ್ತಿತ್ತು. ಆಮೇಲೆ ಮಾಡುತ್ತೇನೆ ಎಂದು ಫೋನಿಡಬಹುದು. ಆದರೆ ಅಲ್ಲಿ ಮೀಟಿಂಗು ಮುಗಿದಿರುತ್ತದೆ, ಇನ್ನೊಬ್ಬನನ್ನು ತೆಗೆದುಕೊಂಡಿರುತ್ತಾರೆ, ಆ ಮಗು ಇನ್ನೂ ಎಷ್ಟೋ ಬುಧವಾರ ಅಪ್ಪನನ್ನು ನೋಡಿ ಅಳುತ್ತದೆ.

"ಇಲ್ಲ ಸರ್" ಎಂದ. "ಅವನನ್ನ ಕಳಿಸೋಕೆ ನನಗೆ ಇಷ್ಟವೇ ಇರಲಿಲ್ಲ. ಆ ಕೆಟ್ಟ ಮಾತು ಹುಟ್ಟಿದ್ದು ನನ್ನಿಂದ. ದಾರ್ಸೈಟ್‌ನಲ್ಲಿ ಒಬ್ಬರು ಅವನ ಬಗ್ಗೆ ಕೇಳಿದಾಗ ನಾನು ಬೇಕೂಂತ ಒಳ್ಳೆ ಮಾತು ಹೇಳಲಿಲ್ಲ. ನಕ್ಕು ಸುಮ್ಮನಾದೆ. ಅವನು ಹೋದ್ರೆ ನನ್ನ ಮಗಳ ಟೀಮು ಸೋಲತ್ತೆ ಅಂತ. ಅದನ್ನೇ ಜನ ಬೆಳೆಸಿದ್ರು. ಅವನು ಏನೂ ಮಾಡಿಲ್ಲ, ಮಾಡಿದ್ದೆಲ್ಲ ನಾನು."

ಪೆನ್ಸಿಲಿನ ಸದ್ದು ನಿಂತಿತ್ತು. ಲಟ್ಟಣಿಗೆಯ ಸದ್ದೂ ನಿಂತಿತ್ತು.

"ಇದನ್ನು ನಾನು ಕಮಿಟಿಗೆ ಹೇಳ್ಬೇಕಾಗ್ತದೆ" ಎಂದ ಮ್ಯಾಕ್ಸಿಮ್. ಅವನ ಧ್ವನಿಯಲ್ಲಿ ಮೊದಲಿದ್ದ ಮರ್ಯಾದೆ ಸ್ವಲ್ಪ ತೆಳ್ಳಗಾಗಿತ್ತು. "ನಿಮ್ಮ ಹೆಸರು ಹೇಳ್ಬಹುದಾ?"

"ಹೇಳಿ. ಹೆಸರು ಹೇಳಿಯೇ ಹೇಳಿ. ಇಲ್ಲಿ ನಾನೂ ಹೇಳ್ತೀನಿ."

ಫೋನಿಟ್ಟು ತಿರುಗಲು ಅವನಿಗೆ ಧೈರ್ಯ ಸಾಲಲಿಲ್ಲ. ತಿರುಗಿದಾಗ ರತ್ನಪ್ರಭಾ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. ಮಾನ್ಯಾ ಅವನನ್ನೇ ನೋಡುತ್ತಿದ್ದಳು. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಹತ್ತಿರ ಹೋಗಿ ತಲೆ ನೇವರಿಸಬಹುದಿತ್ತು.

"ಯು ಥಾಟ್ ವಿ ಕಾಂಟ್ ವಿನ್ ವಿದೌಟ್ ಹಿಮ್?" ಎಂದಳು. ಆಮೇಲೆ ಅಪ್ಪನಿಗೆ ಸರಿಯಾಗಿ ಅರ್ಥವಾಗಲೆಂದೋ ಏನೋ, ಕನ್ನಡದಲ್ಲೇ ಹೇಳಿದಳು. "ನಿಖಿತಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಅಪ್ಪ. ಸರ್ ಪರವಾಗಿ ಜಗಳ ಆಡ್ದೆ ಅಂತ. ನಮ್ಮಪ್ಪಂಗೆ ಎಲ್ಲ ಗೊತ್ತು, ನಮ್ಮಪ್ಪನ್ನೇ ಕೇಳು ಅಂದಿದ್ದೆ ಅವಳಿಗೆ."

ಶ್ಯಾಮಸುಂದರ ಬಾಯಿ ತೆರೆದ.

"ಏನೂ ಹೇಳ್ಬೇಡ" ಎಂದು ಪುಸ್ತಕಗಳನ್ನು ಬಾಚಿಕೊಂಡು ಅವಳು ಕೋಣೆಗೆ ಹೋದಳು.

ಮರುದಿನ ಸಂಜೆ ಪ್ರ್ಯಾಕ್ಟೀಸಿಗೆ ಕರೆದುಕೊಂಡು ಹೋಗಲು ಅವನು ಕಾರು ತೆಗೆದ. ಬಾಗಿ, ಯಾವಾಗಲೂ ಮಾಡುತ್ತಿದ್ದ ಹಾಗೆ ಮುಂದಿನ ಬಾಗಿಲನ್ನು ಒಳಗಿನಿಂದ ತೆರೆದು ಹಿಡಿದ. ಮಾನ್ಯಾ ಅದನ್ನು ಮೆಲ್ಲಗೆ ಮುಚ್ಚಿ, ಹಿಂದಿನ ಬಾಗಿಲು ತೆಗೆದು ಹಿಂದೆ ಕೂತಳು. ಸ್ಕೂಲಿನ ಗೇಟಿನ ಬಳಿ ಸಿರಿಲ್ ನಿಂತಿದ್ದ. ಮಸ್ಕತ್‌ನಿಂದ ಅವನಿಗೆ ಬೆಳಿಗ್ಗೆಯೇ ಫೋನು ಬಂದಿತ್ತು, ಏಪ್ರಿಲ್‌ಗೆ ಬನ್ನಿ ಅಂದಿದ್ದರು. ಮಾನ್ಯಾ ಇಳಿದು, ಅವನಿಗೆ ತಲೆಬಾಗಿ, ಕೋರ್ಟಿನ ಕಡೆ ಓಡಿದಳು. ಸಿರಿಲ್ ಕಾರಿನೊಳಗೆ ಬಾಗಿ ನೋಡಿ, ಖಾಲಿ ಮುಂದಿನ ಸೀಟನ್ನು ನೋಡಿ, ಮಾನ್ಯಾಗೆ ಎಲ್ಲ ಗೊತ್ತಾಗಿದೆಯೆಂದು ತಿಳಿದುಕೊಂಡ.

"ಗುಡ್ ಈವನಿಂಗ್ ಸರ್" ಎಂದ, ಎಂದಿನಂತೆಯೇ. ಶ್ಯಾಮಸುಂದರನ ಕಣ್ಣು ತಾನಾಗಿ ಮತ್ತೆ ಚಪ್ಪಲಿಯ ಕಡೆ ಇಳಿಯಿತು.